ಬ್ರೌಸರಿನೊಳಗಿನ ಕಿರು ಪ್ರೋಗ್ರಾಂಗಳು: ಯಾವುದಕ್ಕೆ ಎಷ್ಟು ಅನುಮತಿ ಕೊಡಬೇಕು?

ಪಹಣಿ ನೋಡುವುದು, ಮಾರುಕಟ್ಟೆಯ ಧಾರಣೆ ತಿಳಿಯುವುದು, ಮಳೆಯ ಮುನ್ಸೂಚನೆ ಓದುವುದು, ಪಿಎಂ ಕಿಸಾನ್ ಕಂತು ಜಮೆಯಾಗಿದೆಯೇ ಎಂದು ಪರೀಕ್ಷಿಸುವುದು ಮುಂತಾದ ಹಲವು ಕೆಲಸಗಳು ಇಂದು ಮೊಬೈಲ್ ಫೋನಿನ ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲಿಯೇ ನಡೆಯುತ್ತಿವೆ. ತಾಲ್ಲೂಕು ಕಚೇರಿಗೆ ಅಲೆದಾಡುವ ಶ್ರಮ ಇದರಿಂದ ಸಾಕಷ್ಟು ಕಡಿಮೆಯಾಗಿದೆ. ಆದರೆ ಹೀಗೆ ಪುಟಗಳನ್ನು ತೆರೆದು ನೋಡುವಾಗ ಆಗಾಗ್ಗೆ ಒಂದು ಚಿಕ್ಕ ಪೆಟ್ಟಿಗೆ ಮೇಲೆದ್ದು, ‘ಈ ಸೈಟ್ ನಿಮ್ಮ ಸ್ಥಳವನ್ನು ತಿಳಿಯಲು ಬಯಸುತ್ತದೆ’, ‘ಅಧಿಸೂಚನೆಗಳನ್ನು ತೋರಿಸಲು ಬಯಸುತ್ತದೆ’, ‘ಕ್ಯಾಮರಾ ಬಳಸಲು ಬಯಸುತ್ತದೆ’ ಎಂದು ಕೇಳುತ್ತದೆ. ಕೆಳಗೆ ‘ಅನುಮತಿಸಿ’ ಮತ್ತು ‘ನಿರ್ಬಂಧಿಸಿ’ ಎಂಬ ಗುಂಡಿಗಳಿರುತ್ತವೆ. ಹೆಚ್ಚಿನವರು ಕೆಲಸ ಮುಂದೆ ಸಾಗಲಿ ಎಂಬ ಅವಸರದಲ್ಲಿ ಓದದೆಯೇ ‘ಅನುಮತಿಸಿ’ ಎಂಬುದನ್ನು ಒತ್ತಿಬಿಡುತ್ತಾರೆ.

ಈ ಒಂದು ಒತ್ತುವಿಕೆಯ ಬೆಲೆ ಕೆಲವೊಮ್ಮೆ ದುಬಾರಿಯಾಗುತ್ತದೆ. ಪುಟದೊಳಗೆ ನಡೆಯುವ ಪ್ರೋಗ್ರಾಂ ಏನು, ಅದಕ್ಕೆ ಬ್ರೌಸರು ಹಾಕಿರುವ ಬೇಲಿ ಯಾವುದು, ಅನುಮತಿ ಕೊಟ್ಟಾಗ ಬೇಲಿಯಲ್ಲಿ ಎಷ್ಟು ದಾರಿ ಬಿಟ್ಟಂತಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಹಣ, ದಾಖಲೆ ಮತ್ತು ಮನಸ್ಸಿನ ನೆಮ್ಮದಿಯನ್ನು ಉಳಿಸಿಕೊಳ್ಳಬಹುದು. ಆ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಪುಟದೊಳಗೆ ಪ್ರೋಗ್ರಾಂ ಏಕೆ?

ಜಾಲಪುಟಗಳು ಮೊದಮೊದಲು ಅಚ್ಚಾದ ಹಾಳೆಯಂತೆ ಕೇವಲ ಅಕ್ಷರ ಮತ್ತು ಚಿತ್ರಗಳನ್ನು ತೋರಿಸುತ್ತಿದ್ದವು. 1995ರಲ್ಲಿ ಈ ಸ್ಥಿತಿ ಬದಲಾಯಿತು. ಆ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು ಜಾವಾ ಎಂಬ ಭಾಷೆಯನ್ನು ಪ್ರಕಟಿಸಿತು. ಅದರಲ್ಲಿ ಬರೆದ ‘ಆಪ್ಲೆಟ್’ ಎಂಬ ಕಿರು ಪ್ರೋಗ್ರಾಂಗಳನ್ನು ಪುಟದ ಜೊತೆಗೇ ಕಳುಹಿಸಿ ಓದುಗನ ಕಂಪ್ಯೂಟರಿನಲ್ಲಿ ನಡೆಸಬಹುದಾಗಿತ್ತು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಎಂಬ ಮತ್ತೊಂದು ಭಾಷೆಯನ್ನು ರೂಪಿಸಿದರು. ಹೆಸರಿನಲ್ಲಿ ಸಾಮ್ಯವಿದ್ದರೂ ಇವೆರಡೂ ಬೇರೆ ಬೇರೆ. ಆಪ್ಲೆಟ್‌ಗಳ ಕಾಲ ಮುಗಿದಿದೆ. ಜಾವಾಸ್ಕ್ರಿಪ್ಟ್ ಮಾತ್ರ ಇಂದು ಹೆಚ್ಚುಕಡಿಮೆ ಎಲ್ಲ ಪುಟಗಳಲ್ಲಿಯೂ ಇದೆ. ಜಿಲ್ಲೆಯ ಹೆಸರನ್ನು ಆರಿಸಿದ ಕೂಡಲೇ ತಾಲ್ಲೂಕುಗಳ ಪಟ್ಟಿ ಬದಲಾಗುವುದು, ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕೆ ಕಡಿಮೆಯಾದರೆ ಕೆಂಪು ಅಕ್ಷರದಲ್ಲಿ ಎಚ್ಚರಿಸುವುದು, ನಕ್ಷೆಯನ್ನು ಬೆರಳಿನಿಂದ ಸರಿಸುವುದು, ಇವೆಲ್ಲ ಈ ಕಿರು ಪ್ರೋಗ್ರಾಂಗಳ ಕೆಲಸ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಪುಟವನ್ನು ತೆರೆಯುವುದು ಎಂದರೆ ಎಲ್ಲಿಯೋ ಇರುವ, ಪರಿಚಯವಿಲ್ಲದ ಯಾರೋ ಬರೆದ ಪ್ರೋಗ್ರಾಂ ಒಂದನ್ನು ಸ್ವಂತ ಫೋನಿನಲ್ಲಿ ನಡೆಯಲು ಬಿಡುವುದು ಎಂದೇ ಅರ್ಥ. ಗುರುತಿಲ್ಲದ ಆಳು ದಿನಕ್ಕೆ ಹತ್ತಾರು ಸಲ ಹೊಲದೊಳಗೆ ಬಂದು ಹೋದಂತೆ. ಆದ್ದರಿಂದಲೇ ಆತ ಎಲ್ಲಿ ತಿರುಗಾಡಬಹುದು, ಎಲ್ಲಿ ತಿರುಗಾಡಬಾರದು ಎಂಬ ಕಟ್ಟುಪಾಡು ಅವಶ್ಯಕವಾಯಿತು.

ಬ್ರೌಸರಿನ ಬೇಲಿ

ಬ್ರೌಸರು ಪುಟದ ಪ್ರೋಗ್ರಾಂಗಳನ್ನು ಒಂದು ಬೇಲಿಯೊಳಗೆ ಇರಿಸಿ ನಡೆಸುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಸ್ಯಾಂಡ್‌ಬಾಕ್ಸ್’, ಅಂದರೆ ಮರಳಿನ ತೊಟ್ಟಿ ಎಂಬ ಹೆಸರಿದೆ. ಮಕ್ಕಳು ತೊಟ್ಟಿಯೊಳಗೆ ಏನು ಬೇಕಾದರೂ ಆಡಲಿ, ಮರಳು ಮನೆಯೊಳಗೆ ಬರಬಾರದು ಎಂಬುದು ಇದರ ಭಾವ. ಈ ಬೇಲಿಯ ನಿಯಮಗಳು ಮುಖ್ಯವಾಗಿ ಮೂರು.

ಮೊದಲನೆಯದು, ಪುಟದ ಪ್ರೋಗ್ರಾಂ ಫೋನಿನಲ್ಲಿರುವ ಕಡತಗಳನ್ನು, ಫೋಟೋಗಳನ್ನು, ಬಂದ ಸಂದೇಶಗಳನ್ನು ತಾನಾಗಿಯೇ ತೆರೆದು ಓದಲಾರದು. ಬಳಕೆದಾರನೇ ಒಂದು ಫೋಟೋವನ್ನು ಆರಿಸಿ ಕೊಟ್ಟರೆ ಆ ಒಂದನ್ನು ಮಾತ್ರ ಪಡೆಯಬಲ್ಲದು.

ಎರಡನೆಯದು, ಒಂದು ಜಾಲತಾಣದ ಪ್ರೋಗ್ರಾಂ ಇನ್ನೊಂದು ಜಾಲತಾಣದ ಪುಟವನ್ನು ಓದಲಾರದು. ಒಂದು ಕಡೆ ಬ್ಯಾಂಕಿನ ಪುಟವೂ ಪಕ್ಕದಲ್ಲಿ ಕ್ರಿಕೆಟ್ ಸುದ್ದಿಯ ಪುಟವೂ ತೆರೆದಿದ್ದರೆ, ಸುದ್ದಿಯ ಪುಟಕ್ಕೆ ಖಾತೆಯ ಶಿಲ್ಕು ಕಾಣುವುದಿಲ್ಲ. ಇದನ್ನು ‘ಒಂದೇ ಮೂಲದ ನಿಯಮ’ ಎನ್ನುತ್ತಾರೆ. ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿಯ ಕಾಲದಿಂದಲೂ ಈ ನಿಯಮ ಜಾರಿಯಲ್ಲಿದೆ. ಸರ್ವೆ ನಂಬರು ಬೇರೆಯಾದರೆ ಬದು ದಾಟುವಂತಿಲ್ಲ ಎಂಬಂತೆ ಇದು ಕೆಲಸ ಮಾಡುತ್ತದೆ.

ಮೂರನೆಯದು, ಸ್ಥಳ, ಕ್ಯಾಮರಾ, ಮೈಕ್, ಅಧಿಸೂಚನೆ ಇಂತಹ ಸೌಲಭ್ಯಗಳು ಬೇಕಾದಲ್ಲಿ ಪ್ರೋಗ್ರಾಂ ಕೇಳಿಯೇ ಪಡೆಯಬೇಕು. ಹಾಗೆ ಕೇಳುವ ಪೆಟ್ಟಿಗೆಯೇ ಮೇಲೆ ಹೇಳಿದ ‘ಅನುಮತಿಸಿ – ನಿರ್ಬಂಧಿಸಿ’ ಪೆಟ್ಟಿಗೆ. ಇಂತಹ ಸೌಲಭ್ಯಗಳನ್ನು ಕೇಳುವ ಹಕ್ಕು ಸಂಪರ್ಕವನ್ನು ಗೂಢಲಿಪಿಗೆ ಒಳಪಡಿಸಿರುವ, ಅಂದರೆ ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಎಂದಿರುವ ಪುಟಗಳಿಗೆ ಮಾತ್ರ ಇದೆ. ಉದಾಹರಣೆಗೆ, ಕ್ರೋಮ್ ಬ್ರೌಸರು 2016ರಿಂದ ಉಳಿದ ಪುಟಗಳಿಗೆ ಸ್ಥಳದ ಮಾಹಿತಿ ಕೊಡುವುದನ್ನು ನಿಲ್ಲಿಸಿದೆ.

ಬೇಲಿ ಎಷ್ಟೇ ಭದ್ರವಾಗಿದ್ದರೂ ಅದು ಕಾಯುವುದು ಫೋನನ್ನು. ರೈತ ತಾನಾಗಿಯೇ ಬರೆದು ಕೊಡುವುದನ್ನು ಅದು ಕಾಯಲಾರದು. ಪುಟದ ಖಾಲಿ ಜಾಗದಲ್ಲಿ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಒಟಿಪಿ ಬರೆದರೆ ಯಾವ ಅನುಮತಿಯ ಪೆಟ್ಟಿಗೆಯೂ ಏಳುವುದಿಲ್ಲ. ಬರೆದದ್ದು ನೇರವಾಗಿ ಆ ಜಾಲತಾಣದವರಿಗೆ ಸೇರುತ್ತದೆ. ಅನುಮತಿ ಕೊಡದಿದ್ದರೂ ಸಂಪರ್ಕದ ವಿಳಾಸದ ಮೇಲಿಂದ ಬಳಕೆದಾರನು ಯಾವ ಭಾಗದವನೆಂದು ಅಂದಾಜು ಮಾಡಲು ಜಾಲತಾಣಕ್ಕೆ ಸಾಧ್ಯವಿದೆ ಎಂಬುದೂ ತಿಳಿದಿರಲಿ.

ಆಪ್ಲೆಟ್‌ಗಳು ಕಲಿಸಿದ ಪಾಠ

ಅನುಮತಿಯನ್ನು ಹೇಗೆ ಕೇಳಬೇಕು, ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗಲಿಲ್ಲ. ಜಾವಾ ಆಪ್ಲೆಟ್‌ಗಳ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ.

1996ರ ಮೊದಲ ಆವೃತ್ತಿಯಲ್ಲಿ ಆಪ್ಲೆಟ್‌ಗಳ ಸುತ್ತ ಬಿಗಿಯಾದ ಬೇಲಿಯಿತ್ತು. ಅವು ಕಡತಗಳನ್ನು ಮುಟ್ಟುವಂತಿರಲಿಲ್ಲ. ತಾವು ಬಂದ ಕಂಪ್ಯೂಟರನ್ನು ಬಿಟ್ಟು ಬೇರೆ ಯಾವುದರೊಡನೆಯೂ ಸಂಪರ್ಕ ಮಾಡುವಂತಿರಲಿಲ್ಲ. ಇದರಿಂದ ಸುರಕ್ಷತೆಯೇನೋ ದೊರೆಯಿತು, ಆದರೆ ಉಪಯುಕ್ತ ಕೆಲಸ ಮಾಡುವುದು ಕಷ್ಟವಾಯಿತು. 1997ರ ಆವೃತ್ತಿಯಲ್ಲಿ ‘ಸಹಿ ಮಾಡಿದ ಆಪ್ಲೆಟ್’ ಬಂದಿತು. ಬರೆದವರು ಡಿಜಿಟಲ್ ಸಹಿ ಹಾಕಿದ್ದು, ಬಳಕೆದಾರನು ಅದನ್ನು ನಂಬಿದರೆ, ಅಂತಹ ಆಪ್ಲೆಟ್‌ಗೆ ಬೇಲಿಯೇ ಇರುತ್ತಿರಲಿಲ್ಲ. ಅಂದರೆ ಒಂದೋ ಏನೂ ಇಲ್ಲ, ಇಲ್ಲವೇ ಎಲ್ಲವೂ ಉಂಟು. 1998ರ ಕೊನೆಯಲ್ಲಿ ಬಂದ ಆವೃತ್ತಿಯು ಇದನ್ನು ತಿದ್ದಿ, ಇಂತಹ ಪ್ರೋಗ್ರಾಂಗೆ ಇಂತಹ ಕಡತ ಮಾತ್ರ, ಇಂತಹ ಸಂಪರ್ಕ ಮಾತ್ರ ಎಂದು ಒಂದೊಂದಾಗಿ ಅನುಮತಿ ಕೊಡುವ ಪದ್ಧತಿಯನ್ನು ತಂದಿತು.

ಕಾಗದದ ಮೇಲೆ ಈ ಪದ್ಧತಿ ಬಹಳ ಚೆನ್ನಾಗಿತ್ತು. ಆದರೆ ಅದನ್ನು ಬಳಸಲು ನಿಯಮಗಳ ಕಡತವೊಂದನ್ನು ಬರೆಯಬೇಕಾಗಿತ್ತು. ಸಾಮಾನ್ಯ ಬಳಕೆದಾರರಿಗೆ ಅದು ಆಗುವ ಕೆಲಸವಾಗಿರಲಿಲ್ಲ. ಅವರು ಎಂದಿನಂತೆ ಎಚ್ಚರಿಕೆಯ ಪೆಟ್ಟಿಗೆ ಕಂಡಾಗಲೆಲ್ಲ ‘ನಡೆಸು’ ಎಂಬ ಗುಂಡಿಯನ್ನೇ ಒತ್ತುತ್ತಿದ್ದರು. ಇದರ ಜೊತೆಗೆ ಜಾವಾದ ಬೇಲಿಯಲ್ಲಿಯೇ ಬಿರುಕುಗಳು ಪತ್ತೆಯಾದವು. 2013ರ ಜನವರಿಯಲ್ಲಿ ಇಂತಹ ಒಂದು ಬಿರುಕನ್ನು ವಂಚಕರು ಬಳಸುತ್ತಿರುವುದು ಬೆಳಕಿಗೆ ಬಂದಾಗ, ಬ್ರೌಸರಿನಲ್ಲಿ ಜಾವಾವನ್ನು ನಿಲ್ಲಿಸಿಬಿಡುವುದು ಲೇಸೆಂದು ಅಮೆರಿಕದ ಗೃಹಭದ್ರತಾ ಇಲಾಖೆಯೇ ಸಲಹೆ ನೀಡಿತು. ಕ್ರೋಮ್ ಬ್ರೌಸರು 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆಪ್ಲೆಟ್‌ಗಳನ್ನು ನಡೆಸುವುದನ್ನು ಕೈಬಿಟ್ಟವು. 2018ರ ಜಾವಾ ಆವೃತ್ತಿಯಲ್ಲಿ ಬ್ರೌಸರಿಗೆ ಬೇಕಾದ ಭಾಗವನ್ನೇ ತೆಗೆದುಹಾಕಲಾಯಿತು. ನಮ್ಮ ದೇಶದಲ್ಲಿಯೂ ಟೆಂಡರ್ ಮುಂತಾದ ಸರ್ಕಾರಿ ಪುಟಗಳಲ್ಲಿ ಡಿಜಿಟಲ್ ಸಹಿಗಾಗಿ ಆಪ್ಲೆಟ್‌ಗಳ ಬಳಕೆ ಇದ್ದು, ಬದಲಿ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು.

ಇದೇ ರೀತಿ ಮೈಕ್ರೋಸಾಫ್ಟ್ ಕಂಪನಿ 1996ರಲ್ಲಿ ತಂದ ಆಕ್ಟಿವ್‌ಎಕ್ಸ್ ಪದ್ಧತಿಯಲ್ಲಿ ಬೇಲಿಯೇ ಇರಲಿಲ್ಲ, ಸಹಿಯೊಂದೇ ಆಧಾರ. ಸಹಿಯು ಪ್ರೋಗ್ರಾಂ ಯಾರದೆಂದು ಹೇಳುತ್ತದೆಯೇ ಹೊರತು ಅದು ಒಳ್ಳೆಯದೆಂದು ಹೇಳುವುದಿಲ್ಲ. ಚೀಲದ ಮೇಲಿನ ಮುದ್ರೆ ಬೀಜ ಯಾರದೆಂದು ತಿಳಿಸಬಹುದು. ಮೊಳೆಯುತ್ತದೆಯೇ ಎಂಬುದನ್ನು ಮೊಳಕೆ ಪರೀಕ್ಷೆಯೇ ಹೇಳಬೇಕು. ಫ್ಲಾಶ್ ಎಂಬ ಮತ್ತೊಂದು ಜನಪ್ರಿಯ ಸಾಧನವೂ ಪದೇಪದೇ ಸುರಕ್ಷತೆಯ ದೋಷಗಳಿಗೆ ಗುರಿಯಾಗಿ, 2020ರ ಡಿಸೆಂಬರ್ 31ಕ್ಕೆ ತಯಾರಕರ ಬೆಂಬಲ ಕಳೆದುಕೊಂಡಿತು.

ಈ ಅನುಭವದಿಂದ ದೊರೆತ ಪಾಠಗಳು ಎರಡು. ಅನುಮತಿಯನ್ನು ಒಟ್ಟಾಗಿ ಕೊಡದೆ, ಬೇಕಾದ ಹೊತ್ತಿಗೆ ಬೇಕಾದಷ್ಟನ್ನೇ ಬಿಡಿಬಿಡಿಯಾಗಿ ಕೊಡಬೇಕು. ಕೇಳುವ ಪ್ರಶ್ನೆ ಸಾಮಾನ್ಯ ಜನರಿಗೆ ತಿಳಿಯುವಂತಿರಬೇಕು. ಇಂದಿನ ಬ್ರೌಸರುಗಳು ಈ ದಾರಿಯಲ್ಲಿ ನಡೆದಿವೆ. ಆದರೂ ಕೊನೆಯ ತೀರ್ಮಾನ ಬಳಕೆದಾರನ ಬೆರಳ ತುದಿಯಲ್ಲಿಯೇ ಉಳಿದಿದೆ.

ಯಾವ ಅನುಮತಿ ಯಾವುದಕ್ಕೆ?

ಅನುಮತಿಯ ಪೆಟ್ಟಿಗೆ ಕಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಮಾಡಹೊರಟ ಕೆಲಸಕ್ಕೆ ಇದು ಬೇಕೇ?

1. ಸ್ಥಳ: ಇದನ್ನು ಕೊಟ್ಟರೆ ಫೋನು ಇರುವ ಜಾಗ ಕೆಲವು ಮೀಟರುಗಳ ಅಂತರದಲ್ಲಿ ತಿಳಿಯಬಹುದು. ಇದ್ದಲ್ಲಿಯ ಹವಾಮಾನ ನೋಡುವಾಗ, ನಕ್ಷೆಯಲ್ಲಿ ದಾರಿ ಹುಡುಕುವಾಗ ಇದರ ಅಗತ್ಯವಿದೆ. ಧಾರಣೆ ಓದಲು, ಸುದ್ದಿ ನೋಡಲು, ಅರ್ಜಿಯ ಸ್ಥಿತಿ ತಿಳಿಯಲು ಅಗತ್ಯವಿಲ್ಲ. ಹವಾಮಾನಕ್ಕೂ ತಾಲ್ಲೂಕಿನ ಹೆಸರು ಬರೆದರೆ ಸಾಕಾಗುತ್ತದೆ.

2. ಕ್ಯಾಮರಾ ಮತ್ತು ಮೈಕ್: ತಜ್ಞರೊಡನೆ ವಿಡಿಯೊ ಮೂಲಕ ಮಾತನಾಡುವಾಗ, ಮಾತಿನ ಮೂಲಕ ಹುಡುಕುವಾಗ ಬೇಕು. ರೋಗ ತಗುಲಿದ ಎಲೆಯ ಚಿತ್ರ ಕಳುಹಿಸಲು ಕ್ಯಾಮರಾದ ಅನುಮತಿ ಬೇಕೇಬೇಕೆಂದಿಲ್ಲ. ಮೊದಲೇ ತೆಗೆದ ಚಿತ್ರವನ್ನು ಆರಿಸಿ ಕೊಟ್ಟರಾಯಿತು.

3. ಅಧಿಸೂಚನೆ: ಪುಟವನ್ನು ಮುಚ್ಚಿದ ನಂತರವೂ ಆ ಜಾಲತಾಣವು ಫೋನಿನ ಪರದೆಯ ಮೇಲೆ ಸಂದೇಶ ತೋರಿಸಬಹುದೆಂಬ ಅನುಮತಿ ಇದು. ಅತಿ ಹೆಚ್ಚು ದುರುಪಯೋಗವಾಗುತ್ತಿರುವ ಅನುಮತಿಗಳಲ್ಲಿ ಇದು ಒಂದು. ನಂಬಿಕೆಯ ಒಂದೆರಡು ತಾಣಗಳನ್ನು ಬಿಟ್ಟು ಉಳಿದೆಲ್ಲಕ್ಕೂ ನಿರ್ಬಂಧಿಸುವುದು ಕ್ಷೇಮ.

4. ನಕಲು ಫಲಕ: ಬೇರೆಡೆಯಿಂದ ನಕಲು ಮಾಡಿಟ್ಟುಕೊಂಡ ಅಕ್ಷರಗಳನ್ನು ಓದುವ ಅನುಮತಿ. ಖಾತೆ ಸಂಖ್ಯೆ, ಗುಪ್ತಪದ ಮುಂತಾದವುಗಳನ್ನು ನಕಲು ಮಾಡುವ ರೂಢಿಯಿರುವವರು ಇದನ್ನು ಕೊಡಬಾರದು.

ಅನುಮತಿಯು ಪುಟಕ್ಕಲ್ಲ, ಜಾಲತಾಣದ ವಿಳಾಸಕ್ಕೆ ಸೇರಿದ್ದು. ಒಮ್ಮೆ ಕೊಟ್ಟದ್ದು ಹಿಂದಕ್ಕೆ ಪಡೆಯುವವರೆಗೆ ಬಹುಮಟ್ಟಿಗೆ ಉಳಿದಿರುತ್ತದೆ. ಸ್ಥಳ, ಕ್ಯಾಮರಾ ಮತ್ತು ಮೈಕಿನ ವಿಷಯದಲ್ಲಿ ಈಗ ಕ್ರೋಮ್ ಬ್ರೌಸರು ‘ಈ ಬಾರಿ ಮಾತ್ರ’ ಎಂಬ ಆಯ್ಕೆಯನ್ನೂ ಕೊಡುತ್ತದೆ. ಅನುಮಾನವಿದ್ದಾಗ ಇದನ್ನೇ ಆರಿಸಬೇಕು. ಫೋನಿನಲ್ಲಿ ಬಾಗಿಲುಗಳು ಎರಡು ಎಂಬುದನ್ನೂ ನೆನಪಿಡಬೇಕು. ಮೊದಲು ಫೋನು ಬ್ರೌಸರಿಗೆ ಅನುಮತಿ ಕೊಟ್ಟಿರಬೇಕು. ಆಮೇಲೆ ಬ್ರೌಸರು ಜಾಲತಾಣಕ್ಕೆ ಕೊಡಬೇಕು. ಇವುಗಳಲ್ಲಿ ಒಂದನ್ನು ಮುಚ್ಚಿದರೂ ದಾರಿ ಮುಚ್ಚುತ್ತದೆ.

ಅಧಿಸೂಚನೆಯ ಹಾವಳಿ: ಲಕ್ಷಣಗಳು ಮತ್ತು ಪರಿಹಾರ

ಉದಾಹರಣೆಗೆ, ರೈತರೊಬ್ಬರು ಟೊಮೆಟೊ ಧಾರಣೆ ಹುಡುಕುತ್ತಾ ಅಪರಿಚಿತ ಜಾಲತಾಣವೊಂದನ್ನು ತೆರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಪುಟದಲ್ಲಿ ಧಾರಣೆಯ ಬದಲು ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅನುಮತಿಸಿ ಒತ್ತಿರಿ’ ಎಂದು ಬರೆದಿರುತ್ತದೆ. ಅವರು ಒತ್ತುತ್ತಾರೆ. ಅದು ವಾಸ್ತವವಾಗಿ ಅಧಿಸೂಚನೆಯ ಅನುಮತಿ. ಮಾರನೆಯ ದಿನದಿಂದ ಫೋನಿನ ಮೇಲೆ ‘ನಿಮ್ಮ ಫೋನಿಗೆ ವೈರಸ್ ತಗುಲಿದೆ’, ‘ನಿಮ್ಮ ಬ್ಯಾಂಕ್ ಖಾತೆ ಇಂದು ಸ್ಥಗಿತವಾಗಲಿದೆ’, ‘ಸಬ್ಸಿಡಿ ಮಂಜೂರಾಗಿದೆ, ಇಲ್ಲಿ ಒತ್ತಿರಿ’ ಎಂಬ ಸಂದೇಶಗಳು ಬರತೊಡಗುತ್ತವೆ. ಫೋನಿಗೆ ವೈರಸ್ ತಗುಲಿರುವುದಿಲ್ಲ. ಬ್ಯಾಂಕೂ ಏನನ್ನೂ ಕಳುಹಿಸಿರುವುದಿಲ್ಲ. ಅನುಮತಿ ಪಡೆದ ಜಾಲತಾಣವೇ ಇವನ್ನು ಕಳುಹಿಸುತ್ತಿರುತ್ತದೆ. ಇಷ್ಟರಿಂದ ಹಾನಿಯಿಲ್ಲ. ಆದರೆ ಗಾಬರಿಯಿಂದ ಸಂದೇಶವನ್ನು ಒತ್ತಿ, ತೆರೆದ ನಕಲಿ ಪುಟದಲ್ಲಿ ಖಾತೆಯ ವಿವರ ಮತ್ತು ಒಟಿಪಿ ಬರೆದುಕೊಟ್ಟಲ್ಲಿ, ಬೆಳೆ ಮಾರಿ ಬಂದ ಹಣ ನಿಮಿಷಗಳಲ್ಲಿ ಖಾಲಿಯಾಗಬಹುದು.

ಇದರ ಪರಿಹಾರ ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ತೆರೆದು, ಮೇಲಿನ ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್‌ಗಳು, ಸೈಟ್ ಸೆಟ್ಟಿಂಗ್‌ಗಳು, ಅಧಿಸೂಚನೆಗಳು ಎಂಬ ಕ್ರಮದಲ್ಲಿ ಹೋಗಬೇಕು. ಅನುಮತಿ ಪಡೆದ ಜಾಲತಾಣಗಳ ಪಟ್ಟಿ ಅಲ್ಲಿ ಕಾಣುತ್ತದೆ. ಗುರುತಿಲ್ಲದ ಹೆಸರನ್ನು ಒತ್ತಿ ‘ನಿರ್ಬಂಧಿಸಿ’ ಎಂದು ಬದಲಾಯಿಸಿದರೆ ಸಂದೇಶಗಳು ನಿಲ್ಲುತ್ತವೆ. ಇದೇ ಸೈಟ್ ಸೆಟ್ಟಿಂಗ್‌ಗಳ ಪುಟದಲ್ಲಿ ಸ್ಥಳ, ಕ್ಯಾಮರಾ ಮತ್ತು ಮೈಕಿನ ಪಟ್ಟಿಗಳೂ ಇವೆ. ಹೊಲದ ಬದುಗಳನ್ನು ಆಗಾಗ ನೋಡಿಬರುವಂತೆ ಈ ಪಟ್ಟಿಗಳನ್ನು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯ ರೂಢಿ.

ವಿಳಾಸವನ್ನು ಓದುವ ಕ್ರಮ

ಅನುಮತಿ ಕೇಳುತ್ತಿರುವವರು ಯಾರೆಂದು ತಿಳಿಯಲು ವಿಳಾಸವನ್ನು ಓದಲು ಬರಬೇಕು. ಪುಟದ ಮೇಲೆ ಸರ್ಕಾರದ ಲಾಂಛನ, ಬ್ಯಾಂಕಿನ ಬಣ್ಣ, ಮಂತ್ರಿಗಳ ಭಾವಚಿತ್ರ ಇದ್ದಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ಚಿತ್ರಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು. ವಿಳಾಸವನ್ನು ನಕಲು ಮಾಡಲಾಗದು.

ವಿಳಾಸದಲ್ಲಿ ಮೊದಲ ಓರೆಗೆರೆಗೆ ಮುಂಚಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಾಲತಾಣಗಳು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತವೆ. ಕರ್ನಾಟಕ ಸರ್ಕಾರದ ಬಹುತೇಕ ಇಲಾಖೆಗಳ ವಿಳಾಸ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಗವ್ ಎಂಬುದು ಎಲ್ಲೋ ನಡುವೆ ಇದ್ದು ಕೊನೆಯಲ್ಲಿ ‘ಡಾಟ್ ಕಾಮ್’ ಅಥವಾ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಬ್ಯಾಂಕುಗಳಿಗಾಗಿ ಭಾರತೀಯ ರಿಸರ್ವ್ ಬ್ಯಾಂಕು ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ವಿಳಾಸವನ್ನು 2025ರ ಫೆಬ್ರವರಿಯಲ್ಲಿ ಪ್ರಕಟಿಸಿ, ಆ ವರ್ಷದ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಆದ್ದರಿಂದ ಬ್ಯಾಂಕಿನ ಪುಟದ ಕೊನೆಯನ್ನು ಪರೀಕ್ಷಿಸುವುದು ಈಗ ಸುಲಭವಾಗಿದೆ.

ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದ್ದರೆ ಪುಟ ಪ್ರಾಮಾಣಿಕವೆಂದು ಹಲವರು ನಂಬಿದ್ದರು. ಅದು ಸರಿಯಲ್ಲ. ಬೀಗವು ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲವೆಂದು ಮಾತ್ರ ಹೇಳುತ್ತದೆ. ದಾರಿಯ ಆ ತುದಿಯಲ್ಲಿ ಕುಳಿತಿರುವವನು ಸಭ್ಯನೋ ಕಳ್ಳನೋ ಎಂದು ಹೇಳುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದಾಗಿಯೇ 2023ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರಿನ ಕ್ರೋಮ್ ಬ್ರೌಸರು ಬೀಗದ ಗುರುತನ್ನು ತೆಗೆದು ಬೇರೊಂದು ಗುರುತನ್ನು ಹಾಕಿತು. ಆ ಗುರುತನ್ನು ಒತ್ತಿದರೆ ಜಾಲತಾಣಕ್ಕೆ ಕೊಟ್ಟಿರುವ ಅನುಮತಿಗಳು ಕಾಣುತ್ತವೆ.

ಎಕ್ಸ್‌ಟೆನ್ಷನ್‌ಗಳು: ಬೇಲಿಯೊಳಗಿನ ಆಳು

ಪುಟದ ಜೊತೆ ಬರುವ ಪ್ರೋಗ್ರಾಂಗಳಲ್ಲದೆ, ಬಳಕೆದಾರನೇ ಬ್ರೌಸರಿಗೆ ಸೇರಿಸಿಕೊಳ್ಳುವ ಕಿರು ಪ್ರೋಗ್ರಾಂಗಳೂ ಇವೆ. ಇವುಗಳಿಗೆ ಎಕ್ಸ್‌ಟೆನ್ಷನ್‌ಗಳೆಂದು ಹೆಸರು. ಕನ್ನಡ ಟೈಪ್ ಮಾಡಲು, ಪುಟವನ್ನು ಭಾಷಾಂತರಿಸಲು, ಜಾಹೀರಾತು ತಡೆಯಲು, ಪಿಡಿಎಫ್ ಮಾಡಲು ಇವು ಸಿಗುತ್ತವೆ. ಇವುಗಳ ಬಳಕೆ ಹೆಚ್ಚಾಗಿ ಕಂಪ್ಯೂಟರಿನಲ್ಲಿ. ಆದ್ದರಿಂದ ಸೇವಾ ಕೇಂದ್ರ, ಸಹಕಾರ ಸಂಘ ಮತ್ತು ಕಚೇರಿಗಳಲ್ಲಿ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೇಲೆ ಹೇಳಿದ ‘ಒಂದೇ ಮೂಲದ ನಿಯಮ’ ಎಕ್ಸ್‌ಟೆನ್ಷನ್‌ಗಳನ್ನು ಅದೇ ರೀತಿ ಕಟ್ಟಿಹಾಕುವುದಿಲ್ಲ. ಸೇರಿಸಿಕೊಳ್ಳುವಾಗ ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಎಲ್ಲ ಡೇಟಾವನ್ನು ಓದಬಹುದು ಮತ್ತು ಬದಲಾಯಿಸಬಹುದು’ ಎಂಬ ಅರ್ಥದ ಸಾಲು ಕಂಡುಬಂದರೆ, ಅದರ ಮಾತು ಅಕ್ಷರಶಃ ನಿಜ. ಅಂತಹ ಎಕ್ಸ್‌ಟೆನ್ಷನ್ ಬ್ಯಾಂಕಿನ ಪುಟವನ್ನೂ, ಸರ್ಕಾರದ ಅರ್ಜಿಯನ್ನೂ, ಅದರಲ್ಲಿ ಬರೆದ ಆಧಾರ್ ಸಂಖ್ಯೆಯನ್ನೂ ನೋಡಬಲ್ಲದು. ಬರಿಯ ಅಕ್ಷರದ ಗಾತ್ರ ಹೆಚ್ಚಿಸುವ ಸಾಧನಕ್ಕೆ ಇಷ್ಟೊಂದು ಅಧಿಕಾರ ಏಕೆಂದು ಕೇಳಿಕೊಳ್ಳಬೇಕು.

ಆರಂಭದಲ್ಲಿ ಒಳ್ಳೆಯದಾಗಿದ್ದದ್ದು ಮುಂದೆಯೂ ಒಳ್ಳೆಯದಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ ಬಳಸದೆ ಬಿಟ್ಟ ಪುಟಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಕಂಪ್ಯೂಟರಿನ ಭಾರ ಕಡಿಮೆ ಮಾಡುತ್ತಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಬಳಸುತ್ತಿದ್ದರು. 2020ರಲ್ಲಿ ಅದು ಮಾರಾಟವಾಗಿ ಅಪರಿಚಿತರ ಕೈಸೇರಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಕಂಪನಿ ಅದರಲ್ಲಿ ಹಾನಿಕಾರಕ ಅಂಶವಿದೆಯೆಂದು ತೆಗೆದುಹಾಕಿತು. ಬಳಸುವವರು ಹೊಸದಾಗಿ ಏನನ್ನೂ ಒತ್ತಿರಲಿಲ್ಲ. ಹಿಂದೆ ಒಬ್ಬರನ್ನು ನಂಬಿ ಕೊಟ್ಟ ಅನುಮತಿ ಮಾಲೀಕರು ಬದಲಾದಾಗ ಇನ್ನೊಬ್ಬರ ಪಾಲಾಗಿತ್ತು.

ಮತ್ತೊಂದು ಘಟನೆ 2024ರ ಡಿಸೆಂಬರಿನದು. ಸೈಬರ್‌ಹೇವನ್ ಎಂಬ ಸುರಕ್ಷತಾ ಕಂಪನಿಯ ನೌಕರರೊಬ್ಬರಿಗೆ, ನಿಮ್ಮ ಎಕ್ಸ್‌ಟೆನ್ಷನನ್ನು ತೆಗೆದುಹಾಕಲಾಗುವುದು ಎಂಬ ನಕಲಿ ಪತ್ರ ಬಂದಿತು. ಅದರಲ್ಲಿದ್ದ ಕೊಂಡಿಯನ್ನು ಅನುಸರಿಸಿ ಅವರು ಪರದೆಯ ಮೇಲೆ ಕಂಡ ಅನುಮತಿಯನ್ನು ಕೊಟ್ಟರು. ಆ ಅನುಮತಿಯ ಬಲದಿಂದ ವಂಚಕರು ಎಕ್ಸ್‌ಟೆನ್ಷನಿನ ದುಷ್ಟ ಆವೃತ್ತಿಯೊಂದನ್ನು ಪ್ರಕಟಿಸಿದರು. ಅದನ್ನು ಬಳಸುತ್ತಿದ್ದವರು ಸುಮಾರು ನಾಲ್ಕು ಲಕ್ಷ. ಸುಮಾರು ಒಂದು ದಿನದೊಳಗೆ ಕಂಪನಿ ಅದನ್ನು ಪತ್ತೆಮಾಡಿ ತೆಗೆಯಿತಾದರೂ, ಸುರಕ್ಷತೆಯನ್ನೇ ಕಸುಬಾಗಿ ಉಳ್ಳವರೂ ಒಂದು ಗುಂಡಿಗೆ ಬಲಿಯಾಗಬಹುದೆಂಬುದನ್ನು ಈ ಘಟನೆ ತೋರಿಸಿಕೊಟ್ಟಿತು. ಆದುದರಿಂದ ಮೋಸಹೋದವರು ನಾಚಿಕೆಪಟ್ಟು ವಿಷಯವನ್ನು ಮುಚ್ಚಿಡಬೇಕಾಗಿಲ್ಲ.

ಎಕ್ಸ್‌ಟೆನ್ಷನ್‌ಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಅಪಾಯ ಕಡಿಮೆ. ಬೇಕೇಬೇಕಾದವುಗಳಿಗೂ ‘ಎಲ್ಲ ಸೈಟ್‌ಗಳಲ್ಲಿ’ ಎಂಬುದರ ಬದಲು ‘ಒತ್ತಿದಾಗ ಮಾತ್ರ’ ಅಥವಾ ‘ನಿರ್ದಿಷ್ಟ ಸೈಟ್‌ಗಳಲ್ಲಿ’ ಎಂದು ಕ್ರೋಮ್‌ನಲ್ಲಿ ಮಿತಿ ಹಾಕಬಹುದು. ಎಕ್ಸ್‌ಟೆನ್ಷನ್ ಮೊದಲಿಗಿಂತ ಹೆಚ್ಚಿನ ಅನುಮತಿ ಕೇಳಿದರೆ ಬ್ರೌಸರು ಅದನ್ನು ನಿಲ್ಲಿಸಿ ಒಪ್ಪಿಗೆ ಕೇಳುತ್ತದೆ. ಆಗ ಕಾರಣ ತಿಳಿಯದಿದ್ದರೆ ಒಪ್ಪದೆ ತೆಗೆದುಹಾಕುವುದೇ ಸೂಕ್ತ.

ಬೇಲಿಯ ಹೊರಗೆ ಕರೆಯುವ ಪುಟಗಳು

ಬ್ರೌಸರಿನೊಳಗಿನ ಬೇಲಿ ಗಟ್ಟಿಯಾಗಿರುವುದನ್ನು ಅರಿತ ವಂಚಕರು ಈಗ ರೈತರನ್ನು ಬೇಲಿಯ ಹೊರಗೆ ಕರೆಯುವ ಉಪಾಯ ಹೂಡಿದ್ದಾರೆ. ಪಿಎಂ ಕಿಸಾನ್ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ, ವಾಟ್ಸ್‌ಆಪ್ ಮೂಲಕ ‘ಎಪಿಕೆ’ ಎಂಬ ಕಡತ ಕಳುಹಿಸಿ, ಅಥವಾ ಪುಟವೊಂದರಿಂದ ಅದನ್ನು ಇಳಿಸಿಕೊಳ್ಳಲು ಹೇಳುತ್ತಾರೆ. ಎಪಿಕೆ ಎಂದರೆ ಫೋನಿನಲ್ಲಿ ನೇರವಾಗಿ ನೆಲೆಯೂರುವ ಆಪ್. ಪುಟದ ಪ್ರೋಗ್ರಾಂಗೆ ಸಂದೇಶಗಳ ಪೆಟ್ಟಿಗೆ ಸಿಗದು. ಆದರೆ ಹೀಗೆ ಸೇರಿಕೊಂಡ ಆಪ್‌ಗೆ ಸಂದೇಶ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿ ಅದರ ಕೈಗೆ ಸಿಗುತ್ತದೆ. ಆಗ ರೈತ ಯಾರಿಗೂ ಒಟಿಪಿ ಹೇಳದಿದ್ದರೂ ಹಣ ಹೋಗಬಹುದು. ಆದ್ದರಿಂದ ಆಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ಮಾತ್ರ, ಅದೂ ಇಲಾಖೆಯ ಹೆಸರನ್ನು ಪರೀಕ್ಷಿಸಿ ಪಡೆಯಬೇಕು. ಕೊಂಡಿಯ ಮೂಲಕ ಬಂದ ಎಪಿಕೆಯನ್ನು ಪರಿಚಯಸ್ಥರೇ ಕಳುಹಿಸಿದ್ದರೂ ತೆರೆಯಬಾರದು. ಅವರ ಫೋನಿನಿಂದ ಅದು ಅವರಿಗರಿಯದೆ ಬಂದಿರಬಹುದು.

ಅನುಸರಿಸಬೇಕಾದ ಕ್ರಮಗಳು

1. ಅನುಮತಿಯ ಪೆಟ್ಟಿಗೆಯನ್ನು ಪೂರ್ತಿ ಓದಿ, ಕೆಲಸಕ್ಕೆ ಅಗತ್ಯವಿಲ್ಲದಿದ್ದರೆ ‘ನಿರ್ಬಂಧಿಸಿ’ ಒತ್ತಬೇಕು. ಇದರಿಂದ ಪುಟವೇನೂ ಕೆಡುವುದಿಲ್ಲ. ಮುಂದೆ ಬೇಕೆನಿಸಿದರೆ ಬದಲಾಯಿಸಿಕೊಳ್ಳಬಹುದು.

2. ಅನುಮತಿ ಕೊಡುವ ಮೊದಲು ವಿಳಾಸದ ಕೊನೆಯ ಭಾಗವನ್ನು ಓದಬೇಕು.

3. ‘ಮುಂದುವರಿಯಲು ಅನುಮತಿಸಿ’ ಎಂದು ಒತ್ತಾಯಿಸುವ ಪುಟವನ್ನು ಮುಚ್ಚಿಬಿಡಬೇಕು.

4. ಬ್ರೌಸರು ಮತ್ತು ಫೋನಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಬೇಲಿಯಲ್ಲಿ ಕಂಡ ಬಿರುಕುಗಳನ್ನು ಮುಚ್ಚುವುದು ಈ ನವೀಕರಣಗಳಿಂದಲೇ.

5. ತಿಂಗಳಿಗೊಮ್ಮೆ ಸೈಟ್ ಸೆಟ್ಟಿಂಗ್‌ಗಳ ಪಟ್ಟಿ ನೋಡಿ, ಬೇಡವಾದ ಅನುಮತಿಗಳನ್ನು ಹಿಂದಕ್ಕೆ ಪಡೆಯಬೇಕು.

6. ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸಿದಾಗ ಗುಪ್ತಪದವನ್ನು ಉಳಿಸಿಡಲು ಒಪ್ಪಬಾರದು. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿಸಿಯೇ ಹೊರಡಬೇಕು.

7. ಹಣ ಹೋದದ್ದು ತಿಳಿದ ಕೂಡಲೇ, ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು; ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮಸಭೆ ಮತ್ತು ತರಬೇತಿಗಳಲ್ಲಿ ಹೊಸ ಆಪ್ ಅಥವಾ ಜಾಲತಾಣವನ್ನು ಪರಿಚಯಿಸುವಾಗ ‘ಏನು ಕೇಳಿದರೂ ಅನುಮತಿಸಿ ಒತ್ತಿಬಿಡಿ’ ಎಂದು ಹೇಳುವುದು ಸಾಮಾನ್ಯವಾಗಿದೆ. ಇದು ಸಮಯ ಉಳಿಸುತ್ತದೆ, ಆದರೆ ಕೆಟ್ಟ ರೂಢಿಯನ್ನು ಕಲಿಸುತ್ತದೆ. ಆ ದಿನ ಕಲಿತ ಬೆರಳು ಮುಂದೆ ವಂಚಕರ ಪುಟದಲ್ಲಿಯೂ ಹಾಗೆಯೇ ಒತ್ತುತ್ತದೆ. ಅದರ ಬದಲು ಯಾವ ಅನುಮತಿ ಏಕೆ ಬೇಕೆಂಬುದನ್ನು ಒಂದೊಂದು ಮಾತಿನಲ್ಲಿ ತಿಳಿಸಿ, ಬೇಡವಾದುದನ್ನು ನಿರ್ಬಂಧಿಸಿ ತೋರಿಸಬೇಕು. ಸಭೆಯ ಕೊನೆಯಲ್ಲಿ ಹತ್ತು ನಿಮಿಷ ಮೀಸಲಿಟ್ಟು, ಬಂದವರೆಲ್ಲ ತಂತಮ್ಮ ಫೋನಿನ ಅಧಿಸೂಚನೆಗಳ ಪಟ್ಟಿಯನ್ನು ತೆರೆದು ನೋಡುವಂತೆ ಮಾಡಿದರೆ ಉಪನ್ಯಾಸಕ್ಕಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಮನೆಯಲ್ಲಿ ಫೋನನ್ನು ಹೆಚ್ಚಾಗಿ ಬಳಸುವ ಮಹಿಳೆಯರನ್ನೂ ಯುವಕರನ್ನೂ ಇದರಲ್ಲಿ ಸೇರಿಸಿಕೊಳ್ಳುವುದು ಅಗತ್ಯ.

ಬ್ರೌಸರು ಬೇಲಿ ಹಾಕಿದೆ, ಬಾಗಿಲನ್ನೂ ಇಟ್ಟಿದೆ. ಬಾಗಿಲ ಕೀಲಿಯನ್ನು ಬಳಸುವವರ ಕೈಗೆ ಕೊಟ್ಟಿದೆ. ಕೇಳಿದವರಿಗೆಲ್ಲ ಕೀಲಿ ಕೊಡದೆ, ಬಂದವರು ಯಾರು, ಬಂದದ್ದು ಯಾವ ಕೆಲಸಕ್ಕೆ ಎಂದು ವಿಚಾರಿಸಿ ಅಷ್ಟಕ್ಕೆ ಮಾತ್ರ ಬಾಗಿಲು ತೆರೆದರೆ, ಈ ಹೊಸ ಸಾಧನದ ಪೂರ್ಣ ಲಾಭವನ್ನು ರೈತರು ನಿರ್ಭಯವಾಗಿ ಪಡೆಯಬಹುದು.